ಕುಕೀ ಒಪ್ಪಿಗೆ: ಕೇಳುವ ಮೊದಲು ಏನೂ ಓಡದಂತೆ ಮಾಡುವುದು ಹೇಗೆ?

ತಾಣದ ಕೆಳಗೆ ‘ಕುಕೀಗೆ ಒಪ್ಪಿಗೆಯೇ?’ ಎಂಬ ಬ್ಯಾನರ್ ಹಾಕಿಬಿಟ್ಟರೆ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಆದರೆ ಎಷ್ಟೋ ತಾಣಗಳಲ್ಲಿ ಓದುಗರು ಉತ್ತರ ಕೊಡುವ ಮೊದಲೇ ಜಾಹೀರಾತಿನ ಕುಕೀಗಳು ಅವರ ಬ್ರೌಸರ್ ಸೇರಿರುತ್ತವೆ. ಹೀಗಾದರೆ ಬ್ಯಾನರ್ ಇದ್ದೂ ಪ್ರಯೋಜನವಿಲ್ಲ.

ಕುಕೀ ಎಂದರೆ ತಾಣವು ಬ್ರೌಸರ್‌ನಲ್ಲಿ ಇಡುವ, ಸುಮಾರು 4 ಕೆಬಿ ಒಳಗಿನ ಪುಟ್ಟ ದತ್ತಾಂಶ. ಅದೇ ತಾಣಕ್ಕೆ ಮತ್ತೆ ಹೋದಾಗ ಬ್ರೌಸರ್ ಅದನ್ನು ಸರ್ವರ್‌ಗೆ ಮರಳಿಸುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಇದನ್ನು ರೂಪಿಸಿದರು.

ಮೊದಲು ನಿಮ್ಮ ತಾಣ ಏನೇನು ಇಡುತ್ತಿದೆ ಎಂದು ನೋಡಿ. ಕ್ರೋಮ್‌ನ ಇನ್‌ಕಾಗ್ನಿಟೊ (ಹಳೆಯ ಕುಕೀಗಳಿಲ್ಲದ ಖಾಸಗಿ) ಕಿಟಕಿಯಲ್ಲಿ, ಬೇರೆ ಕಂಪನಿಗಳ ಕುಕೀಗಳಿಗೆ ಅಲ್ಲಿ ಮೊದಲೇ ಇರುವ ತಡೆಯನ್ನು ತೆಗೆದು ತಾಣ ತೆರೆದು, ಬ್ಯಾನರ್ ಮುಟ್ಟದೆ ಎಫ್12 ಒತ್ತಿ. ‘ಅಪ್ಲಿಕೇಶನ್’ ವಿಭಾಗದ ‘ಕುಕೀಸ್’ ಪಟ್ಟಿಯಿಂದ ಹೆಸರು, ಡೊಮೇನ್, ಅವಧಿ ಬರೆದುಕೊಳ್ಳಿ. ಮುಖಪುಟ ಮಾತ್ರ ಸಾಲದು. ವಿಡಿಯೊ, ನಕ್ಷೆ ಇರುವ ಪುಟಗಳನ್ನೂ ತೆರೆಯಬೇಕು.

ನಂತರ ವಿಂಗಡಣೆ. ಲಾಗಿನ್, ಖರೀದಿ ಬುಟ್ಟಿಯ ಕುಕೀಗಳಿಗೆ ಯುರೋಪಿನ ಕಾನೂನಿನಲ್ಲೂ ಒಪ್ಪಿಗೆ ಬೇಕಿಲ್ಲ. ಜಾಹೀರಾತಿಗೆ ಬೇಕೇ ಬೇಕು. ಓದುಗರ ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ಅನ್ನು ‘ಅಗತ್ಯ’ದ ಪಟ್ಟಿಗೆ ಸೇರಿಸುವುದು ಪದೇ ಪದೇ ಕಾಣುವ ತಪ್ಪು. ಅದು ಇಲ್ಲದೆಯೂ ಪುಟ ತೆರೆದುಕೊಳ್ಳುತ್ತದೆ.

ಈಗ ಮುಖ್ಯ ಕೆಲಸ: ತಡೆಯುವುದು. ಕುಕೀ ಇಡುವುದು ಹೆಚ್ಚಾಗಿ ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ. ಒಪ್ಪಿಗೆ ಬೇಕಾದ ಪ್ರತಿ ಸ್ಕ್ರಿಪ್ಟ್‌ನ ಟೈಪ್ ಅನ್ನು ‘ಟೆಕ್ಸ್ಟ್/ಪ್ಲೇನ್’ ಎಂದು ಬದಲಿಸಿದರೆ ಬ್ರೌಸರ್ ಅದನ್ನು ಓಡಿಸುವುದಿಲ್ಲ. ‘ಒಪ್ಪಿಗೆ’ ಒತ್ತಿದ ಮೇಲೆ ಸರಿಯಾದ ಟೈಪ್ ಇರುವ ಹೊಸ ಸ್ಕ್ರಿಪ್ಟ್ ಟ್ಯಾಗನ್ನು ಪುಟಕ್ಕೆ ಸೇರಿಸಬೇಕು. ಓದುಗರ ಉತ್ತರವನ್ನು ಗೂಗಲ್‌ನ ಟ್ಯಾಗ್‌ಗಳಿಗೆ ತಿಳಿಸುವ ಕನ್ಸೆಂಟ್ ಮೋಡ್ ಬಳಸುವವರು ‘ಡಿನೈಡ್’ (ನಿರಾಕರಿಸಲಾಗಿದೆ) ಎಂಬ ಆರಂಭಿಕ ಸ್ಥಿತಿಯನ್ನು ಗೂಗಲ್ ಟ್ಯಾಗ್‌ಗಿಂತ ಮೇಲಿನ ಸಾಲಿನಲ್ಲೇ ಬರೆಯಬೇಕು. ಕೆಳಗೆ ಬರೆದರೆ ಅಷ್ಟರಲ್ಲಿ ಟ್ಯಾಗ್ ಓಡಿರುತ್ತದೆ. ಟ್ಯಾಗ್ ಲೋಡ್ ಆದರೆ ‘ಡಿನೈಡ್’ ಇದ್ದಾಗಲೂ ಕುಕೀ ಇಲ್ಲದ ಸಂಕೇತಗಳು ಗೂಗಲ್‌ಗೆ ಹೋಗುತ್ತವೆ. ಅದೂ ಬೇಡವೆಂದರೆ ಟ್ಯಾಗನ್ನೇ ತಡೆಯಿರಿ. ವಿಡಿಯೊ ಇರುವ ಕಡೆ ನಿಮ್ಮದೇ ಸರ್ವರ್‌ನ ಚಿತ್ರ ತೋರಿಸಿ, ಓದುಗರು ಒಪ್ಪಿ ಒತ್ತಿದ ಮೇಲಷ್ಟೇ ವಿಡಿಯೊ ತನ್ನಿ.

ಬ್ಯಾನರ್‌ನಲ್ಲಿ ‘ಒಪ್ಪಿಗೆ’, ‘ಬೇಡ’ ಎರಡೂ ಒಂದೇ ಅಳತೆಯಲ್ಲಿ, ಒಂದೇ ಪರದೆಯಲ್ಲಿರಲಿ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದೇ ತೀರ್ಪಿತ್ತಿದೆ. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡದ್ದಕ್ಕೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರವು ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಅದರಲ್ಲಿ ಕನ್ನಡವೂ ಇದೆ. ಹಾಗಾಗಿ ಕನ್ನಡ ತಾಣಕ್ಕೆ ಇಂಗ್ಲಿಷ್ ಬ್ಯಾನರ್ ಅಂಟಿಸಿ ಸುಮ್ಮನಾಗಬೇಡಿ.

ಉತ್ತರದ ಜೊತೆ ದಿನಾಂಕ ಮತ್ತು ಬ್ಯಾನರ್‌ನ ಆವೃತ್ತಿಯನ್ನು ದಾಖಲಿಸಿ. ‘ಬೇಡ’ವನ್ನೂ ನೆನಪಿಡಬೇಕು, ಪುಟಪುಟಕ್ಕೂ ಮತ್ತೆ ಕೇಳುವುದು ಕಿರುಕುಳ. ಮನಸ್ಸು ಬದಲಿಸಲು ಪ್ರತಿ ಪುಟದ ಅಡಿಯಲ್ಲಿ ಕೊಂಡಿ ಇರಲಿ. ಒಪ್ಪಿಗೆ ಹಿಂಪಡೆದಾಗ ಕುಕೀಯ ಮ್ಯಾಕ್ಸ್-ಏಜ್ (ಆಯುಷ್ಯ) ಅನ್ನು 0 ಮಾಡಿ ಅಳಿಸಬೇಕು. ಇಡುವಾಗ ಕೊಟ್ಟ ಡೊಮೇನ್ (ತಾಣದ ವಿಳಾಸ), ಪಾತ್ (ತಾಣದೊಳಗಿನ ದಾರಿ) ಎರಡೂ ಅಳಿಸುವಾಗ ಹಾಗೇ ಇರದಿದ್ದರೆ ಕುಕೀ ಅಲ್ಲೇ ಉಳಿಯುತ್ತದೆ. ಬೇರೆ ಕಂಪನಿಯ ಡೊಮೇನ್‌ನ ಕುಕೀ ಅಳಿಸಲು ನಿಮಗೆ ಸಾಧ್ಯವೇ ಇಲ್ಲ. ಅದು ಬಾರದಂತೆ ಮೊದಲೇ ತಡೆಯುವುದೊಂದೇ ದಾರಿ.

ಥೀಮ್ ಅಥವಾ ಪ್ಲಗಿನ್ ಬದಲಿಸಿದಾಗಲೆಲ್ಲ ಮತ್ತೆ ಇನ್‌ಕಾಗ್ನಿಟೊದಲ್ಲಿ ತೆರೆದು ‘ಬೇಡ’ ಒತ್ತಿ, ನಾಲ್ಕಾರು ಪುಟ ಸುತ್ತಿ, ಪಟ್ಟಿ ನೋಡಿ. ಹೊಸ ಪ್ಲಗಿನ್ ತನ್ನದೇ ಟ್ಯಾಗ್ ಸೇರಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.