ಡಯಾಲಿಸಿಸ್ ವಾರ್ಡಿನಲ್ಲಿ ಕೀರ್ತನೆಗಳು

ನಮ್ಮ ಮನೆಯವರ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ತಿಳಿದ ಮೇಲೆ ಮನೆಗೆ ಬಂದವರೆಲ್ಲ ಪ್ರಾರ್ಥನೆ ಮಾಡಿ ಹೋದರು. ನನಗೆ ಮಾತ್ರ ಬಾಯೇ ಬರಲಿಲ್ಲ. ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದವರು. ನಮ್ಮದು ಅವರು ಕಟ್ಟಿದ ಸಭೆಯ ಹಳೆಯ ಮನೆತನ, ಸಂಜೆ ಪ್ರಾರ್ಥನೆ ತಪ್ಪಿದ್ದೇ ಇಲ್ಲ. ಹಾಗಿದ್ದೂ ಕಣ್ಣು ಮುಚ್ಚಿದರೆ ಎದುರಿಗೆ ಕಿಡ್ನಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಿಪೋರ್ಟು, ಬ್ಯಾಂಕಿನ ಪಾಸ್‌ಬುಕ್ಕು.

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್, ಅಂದರೆ ಮಶಿನ್ನಿನಲ್ಲಿ ರಕ್ತ ಶುದ್ಧಿ ಮಾಡಿಸುವುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುವ ರಾಷ್ಟ್ರೀಯ ಯೋಜನೆ 2016ರಿಂದ ಇದೆ, ಆ ಉಪಕಾರ ದೊಡ್ಡದು. ಆದರೆ ರಕ್ತ ಹೆಚ್ಚಿಸುವ ಇಂಜೆಕ್ಷನ್ನು, ಗುಳಿಗೆ, ಆಟೋ ಬಾಡಿಗೆ ಅಂತ ಕೈ ಖಾಲಿಯಾಗುತ್ತಲೇ ಇರುತ್ತದೆ.

ಸ್ತ್ರೀಯರ ಸಂಘದ ಹಿರಿಯಕ್ಕ ಒಬ್ಬರು ಒಂದು ಮಧ್ಯಾಹ್ನ ಬಂದು, “ನಿನಗ ಮಾತು ಬರಲಿಲ್ಲಂದ್ರ ಬಿಡವಾ, ದಾವೀದನ ಕೀರ್ತನಿ ಓದು,” ಅಂದರು. ಸತ್ಯವೇದದ, ಅಂದರೆ ಬೈಬಲ್ಲಿನ, 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಾಟವೇ. ನಾವು ಭಾನುವಾರ ಹಾಡುವುದು ಕುರುಬನ ಕೀರ್ತನೆ, 23ನೆಯದು. ಅಕ್ಕ ಗುರುತು ಹಾಕಿಕೊಟ್ಟದ್ದು 13 ಮತ್ತು 88. ಹದಿಮೂರರಲ್ಲಿ ಭಕ್ತ ದೇವರನ್ನೇ ನಿಲ್ಲಿಸಿ ಕೇಳುತ್ತಾನೆ, ಇನ್ನೂ ಎಷ್ಟು ದಿನ ನನ್ನ ಮರೆತಿರುತ್ತೀ ಅಂತ. ಎಂಬತ್ತೆಂಟರಲ್ಲಂತೂ ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಓದಿದ ದಿನ ನನಗೆ ಹಿತವೆನಿಸಿತು. ಇಷ್ಟು ಕಹಿ ಮಾತನ್ನೂ ಪ್ರಾರ್ಥನೆಯೆಂದೇ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ!

ಸೂಜಿ ಚುಚ್ಚಿ ಮಶಿನ್ ಶುರುವಾದ ಮೇಲೆ ಒಂದೇ ಒಂದು ಕೀರ್ತನೆ, ತುಟಿಯಲ್ಲೇ. ‘ಶತ್ರುಗಳು’ ಅಂತ ಬಂದಲ್ಲಿ ನಾನು ಸಾಲ, ಪೊಟ್ಯಾಸಿಯಂ, ರಾತ್ರಿಯ ಉಬ್ಬಸ ಎಂದು ಓದಿಕೊಳ್ಳುತ್ತಿದ್ದೆ. ಮುಗಿದರೆ ಮುಗಿಯಿತು. ಒತ್ತಾಯದಿಂದ ಸ್ತೋತ್ರ ಸೇರಿಸುತ್ತಿರಲಿಲ್ಲ.

ನನ್ನದೇ ಮಾತಿನ ಪ್ರಾರ್ಥನೆ ಹುಟ್ಟಿದ್ದು ಇವರ ಎಡಗೈ ಮುಟ್ಟಿ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಮುಂಗೈ ಮೇಲೆ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಅಲ್ಲಿ ಬೆರಳಿಟ್ಟರೆ ಒಳಗೆ ರಕ್ತ ಝುಂ ಎಂದು ಓಡುವುದು ತಾಗಬೇಕು. ತಾಗದಿದ್ದರೆ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ದಿನಾ ನೋಡಿರಿ ಅಂತ ನರ್ಸಮ್ಮ ಹೇಳಿಕೊಟ್ಟಿದ್ದರು. ಮಲಗುವ ಮುಂಚೆ ಬೆರಳಿಡುತ್ತೇನೆ. ಝುಂ ಅಂದರೆ “ಕರ್ತನೇ, ಸ್ತೋತ್ರ.” ಅಷ್ಟೇ. ಅದಕ್ಕಿಂತ ಉದ್ದದ್ದು ಬಹಳ ಕಾಲ ಬರಲಿಲ್ಲ.

ಒಬ್ಬರು ಬಂದು, “ನಂಬಿಕಿ ಗಟ್ಟಿ ಇದ್ರ ಮಶಿನ್ ಯಾಕ ಬೇಕ್ರಿ?” ಅಂದುಬಿಟ್ಟರು. ಇಂಥ ಮಾತು ಕೇಳಿ ಡಯಾಲಿಸಿಸ್ ಬಿಟ್ಟರೆ ಜೀವಕ್ಕೇ ಅಪಾಯ. ಸತ್ಯವೇದದ ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಅವನಿಗೂ ನಂಬಿಕೆ ಕಡಿಮೆಯಿತ್ತೇ? ಎಲ್ಲ ಕಳೆದುಕೊಂಡು ರೋಗ ಹತ್ತಿದ ಯೋಬನ ಗೆಳೆಯರು ಏಳು ದಿನ ತೆಪ್ಪಗೆ ನೆಲದ ಮೇಲೆ ಕೂತಿದ್ದಾಗ ಒಳ್ಳೆಯವರೇ ಆಗಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು.

ನನಗೆ ಹಿಡಿಸುವ ದೇವದೂತ ಎಲೀಯನ ಕಥೆಯವನು. ಸಾಕು, ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಬಿದ್ದಿದ್ದ ಪ್ರವಾದಿಗೆ ಅವನು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿದ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದ. ನಮ್ಮ ಸಂಘದ ಅಕ್ಕಂದಿರೂ ಡಯಾಲಿಸಿಸ್ ದಿನ ಸರದಿ ಹಾಕಿಕೊಂಡು ಜೋಳದ ರೊಟ್ಟಿ ಬಡಿದು ತಂದರು. ಅವರಲ್ಲಿ ಇಬ್ಬರಿಗೆ ಉದ್ದದ ಪ್ರಾರ್ಥನೆ ಮಾಡಲು ಬರುವುದಿಲ್ಲ. ಅವರು ಬಂದರೆ ನನಗೆ ಇನ್ನೂ ನಿರಾಳ.

ಇವರು ಈಗಲೂ ಡಯಾಲಿಸಿಸ್‌ನಲ್ಲೇ ಇದ್ದಾರೆ. ಇಂಥ ಮನೆಗೆ ಪ್ರಾರ್ಥಿಸಲು ಹೋಗುವವರು ಬಾಳೆಹಣ್ಣು, ಎಳನೀರು ಒಯ್ಯಬೇಡಿ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ರೋಗಿಯ ಹೃದಯಕ್ಕೆ ಅಪಾಯ. ನಮ್ಮ ಮನೆಯಲ್ಲಿ ಬಂದ ಎಳನೀರೆಲ್ಲ ನಾನೇ ಕುಡಿಯಬೇಕಾಯಿತು.