ಪಾಸ್ ಆದ ಲಿಂಕನ್ನೂ ಓದಬೇಕು: ಕೇಬಲ್ ಪರೀಕ್ಷೆಯಲ್ಲಿ ನನ್ನ ಅನುಭವ

ಕಟ್ಟಡದಲ್ಲಿ ನೆಟ್‌ವರ್ಕ್ ಕೇಬಲ್ ಎಳೆದು ಮುಗಿಸಿದ ತಂಡದವರು "ಎಲ್ಲ ಪಾಯಿಂಟ್‌ಗಳೂ ಪಾಸ್ ಆಗಿವೆ" ಎಂದಾಗ ನಾನು ಮೊದಲು ಕೇಳುವುದು, ಯಾವ ಪರೀಕ್ಷೆಯಲ್ಲಿ ಎಂದು. ಎಂಟು ದೀಪಗಳ ಪುಟ್ಟ ಟೆಸ್ಟರ್‌ನಲ್ಲಿ ದೀಪಗಳು ಸರದಿಯಂತೆ ಹೊತ್ತಿದರೆ, ತಂತಿಗಳು ಸರಿಯಾದ ಪಿನ್‌ಗಳನ್ನು ಮುಟ್ಟಿವೆ ಎಂದಷ್ಟೇ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಗಿಗಾಬಿಟ್ ವೇಗ ತೋರಿಸಿದರೆ, ಆ ಕ್ಷಣಕ್ಕೆ ಆ ಎರಡು ಯಂತ್ರಗಳ ನಡುವೆ ಮಾತುಕತೆ ನಡೆಯಿತು ಎಂದು ತಿಳಿಯುತ್ತದೆ. ಸರ್ಟಿಫಿಕೇಷನ್ ಕೇಳುವ ಪ್ರಶ್ನೆಯೇ ಬೇರೆ. ಟಿಐಎ 568 ಅಥವಾ ಐಎಸ್‌ಒ 11801 ಮಾನದಂಡ ನಿಗದಿಪಡಿಸಿದ ಮಿತಿಯೊಳಗೆ ಈ ಲಿಂಕ್ ಪ್ರತಿಯೊಂದು ಆವರ್ತನದಲ್ಲೂ ಇದೆಯೇ? ಕೇಬಲ್‌ನ ದರ್ಜೆ ಕ್ಯಾಟ್ 6 ಆದರೆ 250 ಮೆಗಾಹರ್ಟ್ಸ್‌ವರೆಗೆ, ಕ್ಯಾಟ್ 6ಎ ಆದರೆ 500 ಮೆಗಾಹರ್ಟ್ಸ್‌ವರೆಗೆ ಇದಕ್ಕೆ ಉತ್ತರ ಬೇಕು.

ಈ ಮೂರರ ವ್ಯತ್ಯಾಸವನ್ನು ಗ್ರಾಹಕರಿಗೆ ವಿವರಿಸಲು ನಾನು ಬಳಸುವ ಉದಾಹರಣೆ ಜೋಡಿ ಒಡೆದ ಲಿಂಕ್. ಕೆಲಸಕ್ಕೆ ಹೊಸಬರಾದವರು ಕೆಲವೊಮ್ಮೆ ಬಣ್ಣದ ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಕೂರಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಒಂದೇ ರೀತಿ ಮಾಡಿದ್ದರೆ ಪ್ರತಿ ತಂತಿಯೂ ತನ್ನ ಪಿನ್‌ಗೇ ಹೋಗುತ್ತದೆ, ದೀಪಗಳೆಲ್ಲ ಹೊತ್ತುತ್ತವೆ. ಆದರೆ ಸಿಗ್ನಲ್ ಹರಿಯುವುದು 3-6 ಮತ್ತು 4-5 ಪಿನ್‌ಗಳ ಜೋಡಿಯಲ್ಲಿ. ಹೀಗಾಗಿ ಒಟ್ಟಿಗೆ ತಿರುಚಿದ ಎರಡು ತಂತಿಗಳು ಬೇರೆ ಬೇರೆ ಸಿಗ್ನಲ್‌ಗಳನ್ನು ಹೊರುತ್ತವೆ, ತಿರುಚಿನಿಂದ ಸಿಗಬೇಕಾದ ರಕ್ಷಣೆ ಇಲ್ಲವಾಗುತ್ತದೆ. ದೂರ ಕಡಿಮೆಯಿದ್ದರೆ ಸ್ವಿಚ್‌ನ ಲಿಂಕ್ ದೀಪವೂ ಹೊತ್ತಬಹುದು. ಸರ್ಟಿಫಿಕೇಷನ್ ಟೆಸ್ಟರ್ ಮಾತ್ರ ಕ್ರಾಸ್‌ಟಾಕ್, ಅಂದರೆ ಒಂದು ಜೋಡಿಯ ಸಿಗ್ನಲ್ ಇನ್ನೊಂದಕ್ಕೆ ಸೋರುವುದನ್ನು, ಅಳೆದ ಕೂಡಲೇ ಅದನ್ನು ಹಿಡಿದುಕೊಡುತ್ತದೆ.

ಕೆಲಸ ಆರಂಭಿಸುವ ಮುನ್ನ ನಾನು ಮಾಡುವ ಸಿದ್ಧತೆ ದೊಡ್ಡದೇನಲ್ಲ, ಆದರೆ ಅದನ್ನು ಬಿಡುವುದಿಲ್ಲ. ಟೆಸ್ಟರ್‌ನ ವಾರ್ಷಿಕ ಕ್ಯಾಲಿಬ್ರೇಷನ್ ದಿನಾಂಕ ನೋಡುತ್ತೇನೆ. ಮುಖ್ಯ ಘಟಕ ಮತ್ತು ರಿಮೋಟ್ ಘಟಕವನ್ನು ಜೋಡಿಸಿ ರೆಫರೆನ್ಸ್ ಹೊಂದಿಸುತ್ತೇನೆ. ಅಳತೆಯ ಮಿತಿ, ಕೇಬಲ್‌ನ ಬಗೆ, ಎನ್‌ವಿಪಿ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನಲ್ಲಿ ಸಿಗ್ನಲ್ ಸಾಗುವ ವೇಗ) ಇವುಗಳನ್ನು ಕೇಬಲ್ ತಯಾರಕರ ಮಾಹಿತಿಯಿಂದಲೇ ತುಂಬುತ್ತೇನೆ. ಟೆಸ್ಟರ್ ಉದ್ದವನ್ನು ನೇರವಾಗಿ ಅಳೆಯುವುದಿಲ್ಲ. ಸಿಗ್ನಲ್ ಹೋಗಿ ಬರುವ ಸಮಯದಿಂದ ಲೆಕ್ಕ ಹಾಕುತ್ತದೆ. ಎನ್‌ವಿಪಿ ತಪ್ಪಿದರೆ ಉದ್ದವೂ ತಪ್ಪುತ್ತದೆ. ಆಮೇಲೆ ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್‌ನ ಲೇಬಲ್‌ಗಳಲ್ಲಿ ಇರುವ ಹೆಸರುಗಳನ್ನೇ ಟೆಸ್ಟರ್‌ಗೆ ತುಂಬುತ್ತೇನೆ. ಲೇಬಲ್ ಒಂದು, ವರದಿಯಲ್ಲಿನ ಹೆಸರು ಇನ್ನೊಂದು ಆದರೆ ಆ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಹೊಸ ಕೆಲಸದಲ್ಲಿ ಪರ್ಮನೆಂಟ್ ಲಿಂಕ್ ಪರೀಕ್ಷೆಯನ್ನೇ ಮಾಡಬೇಕು ಎಂಬುದರಲ್ಲಿ ನಾನು ಹಟಮಾರಿ. ಪರ್ಮನೆಂಟ್ ಲಿಂಕ್ ಎಂದರೆ ಪ್ಯಾನೆಲ್‌ನಿಂದ ಗೋಡೆಯ ಜ್ಯಾಕ್‌ವರೆಗೆ ಇರುವ, ಹೆಚ್ಚೆಂದರೆ 90 ಮೀಟರ್ ಉದ್ದದ ಸ್ಥಿರ ಭಾಗ. ಉಪಕರಣಗಳಿಗೆ ಸಿಕ್ಕಿಸುವ ಚಿಕ್ಕ ಕೇಬಲ್‌ಗಳಾದ ಎರಡೂ ಬದಿಯ ಪ್ಯಾಚ್ ಕಾರ್ಡ್‌ಗಳನ್ನು ಸೇರಿಸಿಕೊಂಡರೆ ಅದು ಚಾನೆಲ್, ಮಿತಿ 100 ಮೀಟರ್. ಚಾನೆಲ್‌ನ ಮಿತಿಗಳು ಸಹಜವಾಗಿಯೇ ಸಡಿಲ. ಕ್ಯಾಟ್ 6ಕ್ಕೆ 100 ಮೆಗಾಹರ್ಟ್ಸ್‌ನಲ್ಲಿ ಹತ್ತಿರದ ತುದಿಯ ಕ್ರಾಸ್‌ಟಾಕ್, ಅಂದರೆ ನೆಕ್ಸ್ಟ್ (ಸಂಖ್ಯೆ ಹೆಚ್ಚಿದಷ್ಟೂ ಸೋರಿಕೆ ಕಡಿಮೆ), ಪರ್ಮನೆಂಟ್ ಲಿಂಕ್‌ನಲ್ಲಿ ಕನಿಷ್ಠ 41.8 ಡೆಸಿಬೆಲ್ ಇರಬೇಕು, ಚಾನೆಲ್‌ನಲ್ಲಿ 39.9 ಸಾಕು. ಗೋಡೆಯೊಳಗಿನ ಕೇಬಲ್ ಅನ್ನು ಚಾನೆಲ್ ಮಿತಿಯಿಟ್ಟು ಪರೀಕ್ಷಿಸಿದರೆ, ಪ್ಯಾಚ್ ಕಾರ್ಡ್‌ಗಳಿಗೆಂದು ಬಿಟ್ಟ ಅವಕಾಶವನ್ನು ಕೆಟ್ಟ ಟರ್ಮಿನೇಷನ್, ಅಂದರೆ ತಂತಿಗಳನ್ನು ಜ್ಯಾಕ್‌ಗೆ ಸರಿಯಾಗಿ ಕೂರಿಸದಿರುವುದು, ನುಂಗಿಹಾಕುತ್ತದೆ. ಮುಂದೆ ಬಳಕೆದಾರರು ಕಾರ್ಡ್ ಬದಲಿಸಿದ ದಿನ ತೊಂದರೆ ಹೊರಬರುತ್ತದೆ.

ನನ್ನ ಕೆಲಸದ ಕ್ರಮದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಒಂದೇ: ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳದಿರುವುದು. ಮೊದಲ ಕೆಲವು ಲಿಂಕ್‌ಗಳು ಸಿದ್ಧವಾದ ಕೂಡಲೇ ಟೆಸ್ಟರ್ ಹಿಡಿದು ಹೋಗುತ್ತೇನೆ. ಅವುಗಳಲ್ಲಿ ಅತಿ ಉದ್ದದ್ದೊಂದು, ಅತಿ ಚಿಕ್ಕದ್ದೊಂದು ಇರುವಂತೆ ನೋಡಿಕೊಳ್ಳುತ್ತೇನೆ. ಉದ್ದದ ಲಿಂಕ್‌ನಲ್ಲಿ ಕಾಣುವುದು ಸಿಗ್ನಲ್ ಕ್ಷೀಣಿಸುವ ಪ್ರಮಾಣ. ಚಿಕ್ಕ ಲಿಂಕ್ ಅದಕ್ಕಿಂತ ಕಠಿಣ ಪರೀಕ್ಷಕ: ಅಲ್ಲಿ ಆಚೆ ತುದಿಯ ಕನೆಕ್ಟರ್‌ನ ದೋಷ ಕೂಡ ಹೆಚ್ಚು ಕ್ಷೀಣಿಸದೆ ಈಚೆಗೆ ಬರುತ್ತದೆ, ವಿಶೇಷವಾಗಿ ಕ್ಯಾಟ್ 6ಎಯಲ್ಲಿ. ಆ ಫಲಿತಾಂಶಗಳನ್ನು ಟರ್ಮಿನೇಷನ್ ಮಾಡುವವರಿಗೆ ಅಲ್ಲೇ ತೋರಿಸುತ್ತೇನೆ. ಜೋಡಿಯ ತಿರುಚನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು ಎಂದು ಬಾಯಲ್ಲಿ ಹೇಳಿದಾಗ ತಲೆಯಾಡಿಸುವವರು, ಬಿಚ್ಚಿದ್ದು ಮತ್ತು ಬಿಚ್ಚದ್ದು ಎರಡರ ಗ್ರಾಫನ್ನು ಅಕ್ಕಪಕ್ಕದಲ್ಲಿ ನೋಡಿದ ಮೇಲೆ ಮತ್ತೆಂದೂ ಮರೆಯುವುದಿಲ್ಲ.

ಈಗ ಪಾಸ್ ಆದ ಲಿಂಕ್‌ಗಳ ವಿಚಾರ. ಟೆಸ್ಟರ್ ಪಾಸ್ ಎಂದಾಗ ನಾನು ನೋಡುವುದು ಮಾರ್ಜಿನ್, ಅಂದರೆ ಮಿತಿಗೂ ಅಳತೆಗೂ ನಡುವೆ ಉಳಿದಿರುವ ಅಂತರ. ಆ ಅಂತರ ಟೆಸ್ಟರ್‌ನ ನಿಖರತೆಗಿಂತ ಚಿಕ್ಕದಾಗಿದ್ದರೆ ಫಲಿತಾಂಶದ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಬರುತ್ತದೆ. ಮಾನದಂಡದ ಪ್ರಕಾರ ನಕ್ಷತ್ರವಿರುವ ಪಾಸ್ ಕೂಡ ಪಾಸೇ. ಆದರೂ ಹೊಸ ಕೆಲಸದಲ್ಲಿ ನಾನು ಅದನ್ನು ಹಾಗೆಯೇ ಒಪ್ಪುವುದಿಲ್ಲ. ಜ್ಯಾಕ್ ಬಿಚ್ಚಿ ಮತ್ತೆ ಕೂರಿಸಿ ಮತ್ತೆ ಅಳೆಯಲು ಹೇಳುತ್ತೇನೆ. ಬಹುತೇಕ ಸಲ ಅಷ್ಟರಲ್ಲೇ ಕೆಲವು ಡೆಸಿಬೆಲ್ ಅಂತರ ಮರಳಿ ಸಿಗುತ್ತದೆ. ಒಂದೇ ರೀಲ್‌ನ ಕೇಬಲ್, ಒಂದೇ ಮಾದರಿಯ ಜ್ಯಾಕ್ ಇರುವಲ್ಲಿ ಒಬ್ಬರ ಕೈಯ ಲಿಂಕ್‌ಗಳಿಗೆ ಒಳ್ಳೆಯ ಅಂತರವಿದ್ದು ಇನ್ನೊಬ್ಬರ ಲಿಂಕ್‌ಗಳೆಲ್ಲ ಅಂಚಿನಲ್ಲಿದ್ದರೆ, ಕಾರಣವನ್ನು ಕೇಬಲ್‌ನಲ್ಲಿ ಹುಡುಕಬೇಕಾಗಿಲ್ಲ.

ಫೇಲ್ ಆದಾಗ ಸಂಖ್ಯೆಗಿಂತ ಜಾಗ ಮುಖ್ಯ. ಒಳ್ಳೆಯ ಟೆಸ್ಟರ್‌ಗಳು ಕ್ರಾಸ್‌ಟಾಕ್ ಮತ್ತು ಪ್ರತಿಫಲನ ಎರಡನ್ನೂ ದೂರದ ಮೇಲೆ ಬಿಡಿಸಿ ತೋರಿಸುತ್ತವೆ. ಕ್ರಾಸ್‌ಟಾಕ್‌ನ ಶಿಖರ ಸೊನ್ನೆ ಮೀಟರ್‌ನಲ್ಲಿ ಎದ್ದು ನಿಂತಿದ್ದರೆ ನಮ್ಮ ಬದಿಯ ಟರ್ಮಿನೇಷನ್, ಕೊನೆಯಲ್ಲಿದ್ದರೆ ಆಚೆ ಬದಿಯದು. ಉದ್ದಕ್ಕೂ ಹರಡಿದ್ದರೆ ಕೇಬಲ್ಲೇ ಕಳಪೆ, ಇಲ್ಲವೇ ಕ್ಯಾಟ್ 5ಇ ಕೇಬಲ್ ಅನ್ನು ಕ್ಯಾಟ್ 6 ಮಿತಿಯಲ್ಲಿ ಅಳೆಯುತ್ತಿದ್ದೇವೆ. ಒಂದು ಕೆಲಸದಲ್ಲಿ ಒಂದೇ ಕಟ್ಟಿಗೆ ಸೇರಿದ ಹಲವು ಲಿಂಕ್‌ಗಳು ರಿಟರ್ನ್ ಲಾಸ್‌ನಲ್ಲಿ, ಅಂದರೆ ಪ್ರತಿಫಲನದ ಅಳತೆಯಲ್ಲಿ, ಫೇಲ್ ಆದವು. ಎಲ್ಲದರ ಗ್ರಾಫ್‌ನಲ್ಲೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಒಂದು ಉಬ್ಬು. ಜ್ಯಾಕ್‌ಗಳನ್ನು ಮುಟ್ಟದೆ ಆ ದೂರಕ್ಕೆ ನಡೆದು ಹೋಗಿ ಸೀಲಿಂಗ್ ತೆಗೆಸಿದೆವು. ಟ್ರೇ ತಿರುಗುವ ಮೂಲೆಯಲ್ಲಿ ಪ್ಲಾಸ್ಟಿಕ್ ಟೈಯನ್ನು ಎಳೆದು ಬಿಗಿದಿದ್ದರಿಂದ ಕೇಬಲ್‌ಗಳ ಹೊರಕವಚ ತಗ್ಗಾಗಿ ಕೂತಿತ್ತು, ಬಾಗು ಕೂಡ ಕೇಬಲ್ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆ ತ್ರಿಜ್ಯದ್ದು. ಒಳಗೆ ಜೋಡಿಗಳ ಆಕಾರ ಕೆಟ್ಟ ಮೇಲೆ ಟೈ ಸಡಿಲಿಸಿದರೂ ಪೂರ್ಣ ಸರಿಹೋಗುವುದಿಲ್ಲ. ಕೆಲವು ಕೇಬಲ್‌ಗಳನ್ನು ಹೊಸದಾಗಿ ಎಳೆಯಲೇಬೇಕಾಯಿತು. ಅಂದಿನಿಂದ ವೆಲ್ಕ್ರೋ ಪಟ್ಟಿಯನ್ನು ಬಿಟ್ಟು ಬೇರೆಯದಕ್ಕೆ ನಾನು ಒಪ್ಪುವುದಿಲ್ಲ.

ಅನೇಕರು ಬಿಟ್ಟುಬಿಡುವ ಒಂದು ಅಳತೆಯ ಬಗ್ಗೆ ಒತ್ತಿ ಹೇಳಬೇಕು: ರೋಧ, ಮತ್ತು ಜೋಡಿಯ ಎರಡು ತಂತಿಗಳ ನಡುವಿನ ರೋಧದ ವ್ಯತ್ಯಾಸ. ಇಂದು ಕ್ಯಾಮೆರಾ, ವೈಫೈ ಉಪಕರಣ ಎಲ್ಲವೂ ಇದೇ ಕೇಬಲ್‌ನಿಂದ ವಿದ್ಯುತ್ ಪಡೆಯುತ್ತವೆ. 2018ರಲ್ಲಿ ಬಂದ 802.3ಬಿಟಿ ಮಾನದಂಡದಲ್ಲಿ ನಾಲ್ಕೂ ಜೋಡಿಗಳ ಮೂಲಕ ಸ್ವಿಚ್ ಬದಿಯಿಂದ 90 ವ್ಯಾಟ್‌ವರೆಗೆ ಹರಿಯಬಹುದು. ಜೋಡಿಯ ಎರಡು ತಂತಿಗಳಲ್ಲಿ ಕರೆಂಟ್ ಸಮನಾಗಿ ಹಂಚಿಹೋಗದಿದ್ದರೆ ಪೋರ್ಟ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಟ್ ಆಗಿ ಡೇಟಾ ಕೆಡುತ್ತದೆ. ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ಸಿಕ್ಕಿಬೀಳುವುದೂ ಬಹುಮಟ್ಟಿಗೆ ಇಲ್ಲಿಯೇ. ಅದರ ರೋಧ ತಾಮ್ರದ ಒಂದೂವರೆ ಪಟ್ಟು ಇರುತ್ತದೆ. ಅಂಥದ್ದಕ್ಕೆ ಕ್ಯಾಟ್ 6 ಎಂಬ ಹೆಸರು ಸಲ್ಲುವುದೇ ಇಲ್ಲ, ಮಾನದಂಡ ಕೇಳುವುದು ಅಪ್ಪಟ ತಾಮ್ರವನ್ನು. ಆದ್ದರಿಂದ ಟೆಸ್ಟರ್‌ನಲ್ಲಿ ಪಿಒಇ (ಡೇಟಾ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ವ್ಯವಸ್ಥೆ) ಸೇರಿರುವ ಮಿತಿಯನ್ನೇ ಆರಿಸಿಕೊಳ್ಳುತ್ತೇನೆ.

ಕೊನೆಯದು ವರದಿ. ಬೇರೆಯವರ ಪರೀಕ್ಷೆಯನ್ನು ಪರಿಶೀಲಿಸಲು ನನ್ನನ್ನು ಕರೆದಾಗ ನಾನು ಪಿಡಿಎಫ್ ಮಾತ್ರ ಸ್ವೀಕರಿಸುವುದಿಲ್ಲ, ಟೆಸ್ಟರ್‌ನ ಮೂಲ ಫೈಲ್ ಕೇಳುತ್ತೇನೆ. ಅದರಲ್ಲಿ ಪ್ರತಿ ಲಿಂಕ್‌ನ ಗ್ರಾಫ್, ಸಮಯ, ಟೆಸ್ಟರ್‌ನ ಸೀರಿಯಲ್ ಸಂಖ್ಯೆ ಎಲ್ಲವೂ ಇರುತ್ತವೆ. ಎರಡು ಕೇಬಲ್‌ಗಳ ಗ್ರಾಫ್ ಎಂದಿಗೂ ಗೆರೆಗೆ ಗೆರೆ ಹೊಂದುವುದಿಲ್ಲ. ಹೊಂದುತ್ತಿದ್ದರೆ ಒಂದೇ ಲಿಂಕನ್ನು ಎರಡು ಹೆಸರಿನಲ್ಲಿ ಅಳೆದಿದ್ದಾರೆ. ಸಮಯವೂ ಹಾಗೆಯೇ ಸುಳಿವು ಕೊಡುತ್ತದೆ. ಇಂದಿನ ಟೆಸ್ಟರ್‌ಗಳಲ್ಲಿ ಒಂದು ಅಳತೆಗೆ ಸುಮಾರು 10 ಸೆಕೆಂಡು ಸಾಕು, ಆದರೆ ರಿಮೋಟ್ ಹಿಡಿದವರು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯಲೇಬೇಕು. ಬೇರೆ ಬೇರೆ ಮಹಡಿಯ ಲಿಂಕ್‌ಗಳು ಅರ್ಧ ನಿಮಿಷಕ್ಕೊಂದರಂತೆ ದಾಖಲಾಗಿದ್ದರೆ ಆ ಕಟ್ಟನ್ನು ಪೂರ್ತಿ ಮರುಪರೀಕ್ಷೆಗೆ ಕಳುಹಿಸುತ್ತೇನೆ.

ನನ್ನ ಕೆಲಸಗಳಲ್ಲಿ ಮೂಲ ಫೈಲಿನ ಒಂದು ಪ್ರತಿ ಕಟ್ಟಡದವರಿಗೆ, ಒಂದು ಕೇಬಲ್ ತಯಾರಕರ ವಾರಂಟಿ ಅರ್ಜಿಗೆ, ಒಂದು ನನ್ನ ಬಳಿಗೆ. ವರ್ಷಗಳ ನಂತರ ಯಾವುದಾದರೂ ಲಿಂಕ್ ತಂಟೆ ಮಾಡಿದಾಗ ಅದೇ ಮಿತಿಯಲ್ಲಿ ಮತ್ತೆ ಅಳೆದು ಹಳೆಯ ಗ್ರಾಫಿನ ಪಕ್ಕದಲ್ಲಿಡುತ್ತೇನೆ. ಆಗ ಇಲ್ಲದ ಶಿಖರ ಈಗ ಎಷ್ಟನೇ ಮೀಟರ್‌ನಲ್ಲಿ ಕಾಣುತ್ತದೋ ಅಲ್ಲಿಂದ ಹುಡುಕಾಟ ಶುರು ಮಾಡುತ್ತೇನೆ.