ಸಾರೋಟಿನ ಚಕ್ರ ಕೂರಿಸುವುದು, ಅಚ್ಚಿಗೆ ಧೂಳು ಸೇರದಂತೆ ನೋಡಿಕೊಳ್ಳುವುದು

ಸಾರೋಟಿನ ಚಕ್ರ ಯಾಕೆ ಕಳಚುತ್ತದೆ ಅಂತ ಕೇಳಿದರೆ ಎಲ್ಲರೂ ನಟ್ಟಿನ ಕಡೆ ಕೈ ತೋರಿಸುತ್ತಾರೆ. ಅಚ್ಚು ಯಾಕೆ ಸವೆಯುತ್ತದೆ ಅಂದರೆ ಗ್ರೀಸ್ ಕಡೆ. ಹಳೇ ಸಾರೋಟುಗಳ ಚಕ್ರ ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ನನ್ನ ಪ್ರಕಾರ ಇವೆರಡೂ ಒಂದೇ ಕಾಯಿಲೆ. ಅಚ್ಚಿನ ಮೇಲೆ ಚಕ್ರ ಒಳಕ್ಕೂ ಹೊರಕ್ಕೂ ಎಷ್ಟು ಆಡುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಆಟ ಜಾಸ್ತಿಯಾದರೆ ಚಕ್ರ ಪ್ರತಿ ಗುಂಡಿಗೂ ನಟ್ಟನ್ನು ಗುದ್ದುತ್ತದೆ. ಜೊತೆಗೆ ಕುಲುಮೆಯ ತಿದಿ ಗಾಳಿ ಎಳೆದುಕೊಳ್ಳುವ ಹಾಗೆ, ಒಂದೊಂದು ಆಟಕ್ಕೂ ಒಂದಿಷ್ಟು ಧೂಳನ್ನು ಗುಂಬದೊಳಗೆ, ಅಂದರೆ ಅಚ್ಚು ತೂರುವ ಚಕ್ರದ ನಡುಭಾಗದೊಳಗೆ, ಎಳೆದುಕೊಳ್ಳುತ್ತದೆ. ಆ ಧೂಳು ಎಣ್ಣೆಯ ಜೊತೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಕಬ್ಬಿಣ ಸವೆದು ಆಟ ಇನ್ನೂ ಜಾಸ್ತಿಯಾಗುತ್ತದೆ. ಈ ಸುತ್ತನ್ನು ಕಡಿದರೆ ಚಕ್ರವೂ ಉಳಿಯುತ್ತದೆ, ಅಚ್ಚೂ ಉಳಿಯುತ್ತದೆ.

ಮೊದಲು ನಿಮ್ಮ ಗಾಡಿಯಲ್ಲಿ ಯಾವ ಬಗೆಯ ಅಚ್ಚಿದೆ ಅಂತ ತಿಳಿದುಕೊಳ್ಳಿ. ತಿಳಿಯದೆ ಸ್ಪ್ಯಾನರ್ ಹಾಕಬೇಡಿ.

ಎಲ್ಲಕ್ಕಿಂತ ಹಳೆಯದು ಕಡೆಗೀಲಿನ ಅಚ್ಚು. ಅಚ್ಚಿನ ತುದಿಯಲ್ಲಿ ಒಂದು ತೂತು, ಅದರಲ್ಲಿ ಕೀಲು. ಕೀಲನ್ನು ಯಾವಾಗಲೂ ಮೇಲಿಂದ ಕೆಳಕ್ಕೆ ಹಾಕಬೇಕು, ತಲೆ ಮೇಲಿರಬೇಕು. ಆಗ ಅದರ ಭಾರವೇ ಅದನ್ನು ಹಿಡಿದಿಡುತ್ತದೆ. ಆದರೆ ಅಚ್ಚು ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ ಅಂದುಕೊಂಡು ಕೀಲನ್ನು ಹಾಗೇ ಬಿಟ್ಟುಬಿಡಬೇಡಿ. ಗಾಡಿ ಕುಲುಕುವಾಗ ಕೀಲು ಮೇಲಕ್ಕೆ ಹಾರುವುದುಂಟು. ಅದಕ್ಕೇ ಕೀಲಿನ ಕೆಳತುದಿಯಲ್ಲಿ ತೂತಿದ್ದರೆ ಅದಕ್ಕೆ ಚರ್ಮದ ದಾರ ಕಟ್ಟಿ. ಗುಂಬಕ್ಕೂ ಕೀಲಿಗೂ ನಡುವೆ ಒಂದು ಕಬ್ಬಿಣದ ವಾಷರ್ ಇರಲೇಬೇಕು. ಇಲ್ಲದಿದ್ದರೆ ಗುಂಬದ ಮೂತಿ ನೇರವಾಗಿ ಕೀಲನ್ನು ಉಜ್ಜಿ ಗರಗಸದಂತೆ ಕೊಯ್ಯುತ್ತದೆ.

ಎರಡನೆಯದು ಸಾದಾ ನಟ್ಟಿನ ಅಚ್ಚು. ಹಗುರ ಗಾಡಿಗಳಲ್ಲಿ ಇದೇ ಜಾಸ್ತಿ. ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸಿ. ಗಾಡಿಯ ಎಡಗಡೆ ನಿಂತು ಎಡ ಚಕ್ರ ನೋಡಿ. ಗಾಡಿ ಮುಂದೆ ಹೋದಾಗ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಗುಂಬ ನಟ್ಟಿಗೆ ಉಜ್ಜಿದರೆ ನಟ್ಟನ್ನೂ ಅದೇ ಕಡೆಗೆ ಎಳೆಯುತ್ತದೆ. ಮಾಮೂಲಿ ಮರೆಯ (ನಟ್ಟಿನ ಒಳಗಿನ ಸುರುಳಿ ಗೆರೆಯ) ನಟ್ಟು ಆ ಕಡೆಗೆ ತಿರುಗಿದರೆ ಸಡಿಲವಾಗುತ್ತದೆ, ಅಲ್ವಾ? ಅದಕ್ಕೇ ಎಡ ಚಕ್ರದ ನಟ್ಟಿಗೆ ಎಡ ಮರೆ, ಬಲ ಚಕ್ರದ ನಟ್ಟಿಗೆ ಬಲ ಮರೆ ಕೊಟ್ಟಿರುತ್ತಾರೆ. ಉಜ್ಜಿದಷ್ಟೂ ಬಿಗಿಯಾಗಲಿ ಅಂತ. ಹಾಗಾಗಿ ಎಡಗಡೆಯ ನಟ್ಟು ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ಎಡಕ್ಕೆ ತಿರುಗಿಸಿ, ಬರಲಿಲ್ಲ ಅಂತ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಮರೆಯನ್ನೇ ಹಾಳುಮಾಡುತ್ತಾರೆ. ಬಿಚ್ಚಿದ ನಟ್ಟುಗಳನ್ನು ಒಂದೇ ಡಬ್ಬಿಗೆ ಹಾಕಬೇಡಿ. ಎಡದ್ದು ಎಡದ ಚಕ್ರದ ಪಕ್ಕದಲ್ಲೇ ಇರಲಿ. ಚಕ್ರಗಳಿಗೂ ಗುರುತು ಹಾಕಿ. ಬುಷ್ (ಗುಂಬದೊಳಗೆ ಕೂರಿಸಿದ ಲೋಹದ ಕೊಳವೆ) ಮತ್ತು ಅಚ್ಚು ಒಂದಕ್ಕೊಂದು ಹೊಂದಿಕೊಂಡೇ ಸವೆದಿರುತ್ತವೆ.

ಮೂರನೆಯದು ಮೇಲ್ ಅಚ್ಚು. ಅಂಚೆ ಕೋಚುಗಳಲ್ಲಿ ಹೆಸರು ಮಾಡಿದ್ದು. ಇದರಲ್ಲಿ ತುದಿಯ ನಟ್ಟಿನ ಮೇಲೆ ಭರವಸೆ ಇಟ್ಟಿಲ್ಲ. ಅಚ್ಚಿನ ಒಳತುದಿಯಲ್ಲಿ, ಗಾಡಿಯ ಕಡೆಗೆ, ಒಂದು ಗಟ್ಟಿ ಕಾಲರ್, ಅಂದರೆ ಬಳೆಯಂತೆ ಉಬ್ಬಿದ ಭಾಗ ಇರುತ್ತದೆ. ಕಾಲರಿನ ಹಿಂದೆ ಒಂದು ದುಂಡನೆಯ ತಟ್ಟೆ. ಆ ತಟ್ಟೆಯನ್ನು ಮೂರು ಉದ್ದ ಬೋಲ್ಟುಗಳು ಗುಂಬದ ಮೂಲಕ ಹಾದು ಹಿಡಿದಿರುತ್ತವೆ. ಕಾಲರ್ ನಡುವೆ ಸಿಕ್ಕಿಕೊಂಡಿರುವುದರಿಂದ ಚಕ್ರ ಹೊರಗೆ ಬರುವುದಕ್ಕೆ ದಾರಿಯೇ ಇಲ್ಲ. ಮೂರೂ ಬೋಲ್ಟು ಹೋಗಬೇಕು, ಆಗ ಮಾತ್ರ. ರಾತ್ರಿ ಹೊತ್ತು ವೇಗವಾಗಿ ಓಡುವ ಭಾರದ ಗಾಡಿಗೆ ಇದಕ್ಕಿಂತ ನಂಬಿಕೆಯದ್ದನ್ನು ನಾನು ಬೇರೆ ಕಂಡಿಲ್ಲ. ಇದನ್ನು ಬಿಗಿಮಾಡುವಾಗ ಮೂರೂ ನಟ್ಟನ್ನು ಸುತ್ತುಹಾಕುತ್ತಾ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ತಟ್ಟೆ ಓರೆಯಾಗಿ ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ಧೂಳಿಗೆ ಬಾಗಿಲು ತೆರೆದಂತೆ.

ನಾಲ್ಕನೆಯದು ಕಾಲಿಂಜ್ ಅಚ್ಚು. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಜಾನ್ ಕಾಲಿಂಜ್ ಪೇಟೆಂಟ್ ಪಡೆದ ವಿನ್ಯಾಸ. ಒಳ್ಳೆಯ ಸಾರೋಟುಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ನನಗೆ ಇದರ ಮೇಲೆ ತುಂಬಾ ಪ್ರೀತಿ. ಯಾಕೆಂದರೆ ಚಕ್ರ ಹಿಡಿಯುವ ಕೆಲಸ, ಎಣ್ಣೆ ಹಿಡಿಯುವ ಕೆಲಸ, ಧೂಳು ತಡೆಯುವ ಕೆಲಸ ಮೂರನ್ನೂ ಒಟ್ಟಿಗೆ ಯೋಚಿಸಿ ಮಾಡಿದ್ದಾರೆ. ಆದ್ದರಿಂದ ಇದನ್ನೇ ವಿವರವಾಗಿ ಹೇಳುತ್ತೇನೆ. ಇದು ಕೈಗೆ ಬಂದರೆ ಉಳಿದವು ಸುಲಭ.

ಕುದುರೆ ಬಿಚ್ಚಿ, ಗಾಡಿ ಸಮತಟ್ಟು ನೆಲದಲ್ಲಿರಲಿ. ಬಿಚ್ಚದ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡಿ. ಜಾಕಿಯನ್ನು ಅಚ್ಚಿನ ಕೆಳಗೇ ಕೊಡಿ, ಸ್ಪ್ರಿಂಗಿನ ಕೆಳಗಲ್ಲ. ಎತ್ತಿದ ಮೇಲೆ ಕೆಳಗೆ ಮರದ ದಿಮ್ಮಿ ಇಟ್ಟು ಅದರ ಮೇಲೆ ಭಾರ ಬಿಡಿ. ಬರೀ ಜಾಕಿ ನಂಬಿ ಚಕ್ರ ತೆಗೆಯಬೇಡಿ.

ಬಿಚ್ಚುವ ಮೊದಲೇ ಗುಂಬದ ಸುತ್ತ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ. ಸಾಮಾನ್ಯವಾಗಿ ಈ ಕೆಲಸವನ್ನು ಯಾರೂ ಮಾಡುವುದಿಲ್ಲ. ಒಂದು ವರ್ಷ ದಾರಿಯಲ್ಲಿ ಸೇರದಷ್ಟು ಮಣ್ಣು ಒಂದು ಸಲ ಅಜಾಗ್ರತೆಯಿಂದ ಬಿಚ್ಚಿದರೆ ಒಳಗೆ ಬೀಳಬಹುದು.

ಗುಂಬದ ಮುಂದಿರುವ ಹಿತ್ತಾಳೆ ಟೋಪಿಯನ್ನು ತಿರುಗಿಸಿ ತೆಗೆಯಿರಿ. ಕೆಳಗೆ ಒಂದು ತಟ್ಟೆ ಇಟ್ಟಿರಿ, ಎಣ್ಣೆ ಸುರಿಯುತ್ತದೆ. ಒಳಗೆ ಅಚ್ಚಿನ ತುದಿಯಲ್ಲಿ ಒಂದು ಸ್ಪ್ಲಿಟ್ ಪಿನ್ ಕಾಣುತ್ತದೆ. ಅದರ ಹಿಂದೆ ಸಣ್ಣ ನಟ್ಟು, ಅದರ ಹಿಂದೆ ದೊಡ್ಡ ನಟ್ಟು. ಎರಡರ ಮರೆಯೂ ಒಂದಕ್ಕೊಂದು ಎದುರು. ದೊಡ್ಡದು ಸಡಿಲವಾಗಲು ಹೊರಟರೆ ಸಣ್ಣದು ಬಿಗಿಯಾಗಿ ಅದನ್ನು ತಡೆಯುತ್ತದೆ. ಇವೆರಡರ ಹಿಂದೆ ಗನ್‌ಮೆಟಲ್‌ನ ಒಂದು ಬಳೆ, ಕಾಲೆಟ್ ಅಂತಾರೆ. ಅದರ ಒಳಗಡೆ ಒಂದು ಕಡೆ ಚಪ್ಪಟೆ. ಅಚ್ಚಿನಲ್ಲೂ ಅದಕ್ಕೆ ಸರಿಯಾದ ಚಪ್ಪಟೆ ಜಾಗ. ಹಾಗಾಗಿ ಬಳೆ ತಿರುಗಲಾರದು. ಚಕ್ರ ಬಂದು ಉಜ್ಜುವುದು ಈ ತಿರುಗದ ಬಳೆಗೆ, ನಟ್ಟಿಗಲ್ಲ. ಚಕ್ರದ ತಿರುಗಾಟ ನಟ್ಟಿಗೆ ತಲುಪುವುದೇ ಇಲ್ಲ. ಈ ಬಳೆಯನ್ನು ಉಲ್ಟಾ ಹಾಕಿದರೆ ಅಥವಾ ಕಳೆದುಹೋಯಿತು ಅಂತ ಸುಮ್ನೆ ವಾಷರ್ ಹಾಕಿದರೆ ಇಡೀ ವ್ಯವಸ್ಥೆಗೆ ಅರ್ಥವೇ ಇರುವುದಿಲ್ಲ.

ಬಿಚ್ಚುವಾಗ ಸಾಮಾನನ್ನು ಒಂದು ಬಿಳಿ ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಸಾಲಾಗಿ ಇಡಿ. ಆಮೇಲೆ ಚಕ್ರವನ್ನು ನೇರವಾಗಿ ಎಳೆಯಿರಿ. ಗುಂಬ ಅಚ್ಚಿಗೆ ಓರೆಯಾಗಿ ಜೋತುಬಿದ್ದರೆ ತುದಿಯ ಮರೆ ಜಜ್ಜಿಹೋಗುತ್ತದೆ. ಇಬ್ಬರು ಇರುವುದು ಒಳ್ಳೆಯದು.

ಈಗ ಅಚ್ಚು ಓದಿ. ಹಳೇ ಎಣ್ಣೆಯನ್ನು ಒಂಚೂರು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಬರೀ ಕಪ್ಪು ಎಣ್ಣೆ ಆದರೆ ಭಯವಿಲ್ಲ. ಚರಚರ ಅಂದರೆ ಮರಳು ಒಳಗೆ ಹೋಗಿದೆ. ಅದನ್ನೇ ಬಿಳಿ ಬಟ್ಟೆಗೆ ಒತ್ತಿ ಬೆಳಕಿಗೆ ಹಿಡಿದರೆ ಮಿನುಗುವ ಚುಕ್ಕೆ ಕಾಣುತ್ತದೆ, ಅದು ಸವೆದ ಲೋಹ. ಆಮೇಲೆ ಅಚ್ಚನ್ನು ಒರೆಸಿ ಕೆಳಭಾಗ ನೋಡಿ. ಅಚ್ಚು ತಿರುಗದೆ ಇರುವುದರಿಂದ ಗಾಡಿಯ ಭಾರವೆಲ್ಲ ಅದರ ಕೆಳಮೈ ಮೇಲೆ ಬೀಳುತ್ತದೆ. ಸವೆತ ಅಲ್ಲೇ. ಉಗುರನ್ನು ಅಡ್ಡಲಾಗಿ ಎಳೆದರೆ ಗೀರುಗಳು ಸಿಗುತ್ತವೆಯಾ ನೋಡಿ. ನುಣ್ಣಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಸುತ್ತಲೂ ಗೀರು ಬಿದ್ದಿದ್ದರೆ ಧೂಳು ಯಾವ ಕಡೆಯಿಂದ ಬಂದಿದೆ ಅಂತಲೂ ಗೊತ್ತಾಗುತ್ತದೆ. ಒಳತುದಿಯಲ್ಲಿ ಗೀರು ಜಾಸ್ತಿ ಇದ್ದರೆ ಕಾಲರ್ ಕಡೆ ಧೂಳು ತಡೆಯುವ ಚರ್ಮದ ವಾಷರ್ ಸೋತಿದೆ. ಹೊರತುದಿಯಲ್ಲಿ ಇದ್ದರೆ ಟೋಪಿ ಸರಿ ಕೂತಿಲ್ಲ.

ನನಗೆ ಸಿಗುವ ಗಾಡಿಗಳಲ್ಲಿ ಒಳಗಡೆಯದೇ ಜಾಸ್ತಿ. ಟೋಪಿ ಕಣ್ಣಿಗೆ ಕಾಣುತ್ತದೆ, ಎಲ್ಲರೂ ಹೊಳಪು ಕೊಡುತ್ತಾರೆ. ಕಾಲರಿನ ಚರ್ಮ ಗಾಡಿಯ ಕೆಳಗೆ ಅಡಗಿದೆ. ಕುದುರೆಯ ಗೊರಸು ಎಬ್ಬಿಸಿದ ಧೂಳು, ಮುಂದಿನ ಚಕ್ರ ಎರಚಿದ ಕೆಸರು ಎಲ್ಲ ಅಲ್ಲಿಗೇ ಬರುತ್ತದೆ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಬುಷ್ ಒಳಗಿನ ತೋಡು, ಅಚ್ಚಿನ ಎಣ್ಣೆ ಗೀರು, ನಟ್ಟಿನ ಮರೆ ಎಲ್ಲ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ. ಮರದ ಗುಂಬಕ್ಕೆ ಸೀಮೆಎಣ್ಣೆ ಸುರಿಯಬೇಡಿ. ಕೊನೆಗೆ ನಾರು ಬಿಡದ ಒಣ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ ಉಳಿದರೆ ಹೊಸ ಎಣ್ಣೆ ತೆಳುವಾಗುತ್ತದೆ.

ಇನ್ನು ಚರ್ಮದ ವಾಷರ್. ಚಕ್ರದ ಆಟ, ಧೂಳು ಎರಡನ್ನೂ ಇದೇ ಹಿಡಿಯುತ್ತದೆ. ಹಳೆಯದು ಮಡಿಸಿದರೆ ಬಿರುಕು ಬಿಟ್ಟರೆ ಅಥವಾ ಒಂದು ಕಡೆ ತೆಳ್ಳಗಾಗಿದ್ದರೆ ಹೊಸದು ಮಾಡಿ. ಗಟ್ಟಿಯಾದ, ದಪ್ಪ ಎಲ್ಲ ಕಡೆ ಒಂದೇ ಇರುವ ಹದಮಾಡಿದ ಚರ್ಮ ಬೇಕು. ಬೆಲ್ಟಿನ ಮೆತ್ತನೆ ಚರ್ಮ ಆಗುವುದಿಲ್ಲ, ಹಿಂಡಿಕೊಂಡು ಹರಿಯುತ್ತದೆ. ಕೈವಾರದಿಂದ ಎರಡು ವೃತ್ತ ಎಳೆಯಿರಿ. ಒಳಗಿನದು ಅಚ್ಚಿಗೆ ಬಿಗಿಯಾಗಿ ಕೂರಬೇಕು, ಹೊರಗಿನದು ಬುಷ್‌ನ ತೋಡಿನೊಳಗೆ ಕೂದಲೆಳೆ ಸಡಿಲ. ಮೊದಲು ಒಳವೃತ್ತ ಕತ್ತರಿಸಿ, ಆಮೇಲೆ ಹೊರಗಿನದು. ಉಲ್ಟಾ ಮಾಡಿದರೆ ಹಿಡಿದುಕೊಳ್ಳಲು ಜಾಗ ಇರುವುದಿಲ್ಲ. ಬ್ಲೇಡ್ ಲಂಬವಾಗಿರಲಿ. ಅಂಚು ಓರೆಯಾದರೆ ಅಲ್ಲೇ ಸಂದಿ.

ಕತ್ತರಿಸಿದ ವಾಷರನ್ನು ಉಗುರುಬೆಚ್ಚಗಿನ ಹರಳೆಣ್ಣೆಯಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಎಣ್ಣೆ ಕುದಿಸಬೇಡಿ, ಚರ್ಮ ಸುರುಟಿ ಗಟ್ಟಿಯಾಗುತ್ತದೆ. ಒಣ ಚರ್ಮ ಹಾಕಿದರೆ ಅದು ಅಚ್ಚಿನ ಎಣ್ಣೆಯನ್ನೇ ಹೀರುತ್ತದೆ, ಕಾಲರಿಗೆ ಉಜ್ಜಿ ಸುಡುತ್ತದೆ.

ದಪ್ಪದ ವಿಷಯ ಮರೆಯಬೇಡಿ. ಚಕ್ರ ಅಚ್ಚಿನ ಮೇಲೆ ಎಲ್ಲಿ ಕೂರುತ್ತದೆ ಅಂತ ತೀರ್ಮಾನಿಸುವುದು ಈ ಚರ್ಮವೇ. ತೀರಾ ದಪ್ಪವಾದರೆ ಚಕ್ರ ಪೂರ್ತಿ ಒಳಗೆ ಹೋಗುವುದಿಲ್ಲ, ನಟ್ಟು ತನ್ನ ಜಾಗಕ್ಕೆ ಬರುವುದಿಲ್ಲ, ಪಿನ್ನಿನ ತೂತು ಸಿಗುವುದಿಲ್ಲ. ಆಗ ನಟ್ಟನ್ನು ಬಲವಂತ ಮಾಡಬೇಡಿ. ಚರ್ಮವನ್ನೇ ತೆಳ್ಳಗೆ ಮಾಡಿ. ತೀರಾ ತೆಳ್ಳಗಾದರೆ ಚಕ್ರ ಆಡುತ್ತದೆ.

ಕೂರಿಸುವಾಗ ಕಾಲರಿಗೆ ಚರ್ಮ ಹಾಕಿ, ಅಚ್ಚಿಗೆಲ್ಲ ಎಣ್ಣೆ ಸವರಿ, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಒಳಗೆ ತಳ್ಳಿ. ಕಾಲೆಟ್ ಹಾಕಿ. ದೊಡ್ಡ ನಟ್ಟನ್ನು ಬಿಗಿಯಾಗುವವರೆಗೆ ತಿರುಗಿಸಿ, ಚಕ್ರ ತಿರುಗಿಸಿ ನೋಡಿ. ಭಾರವಾಗಿ ತಿರುಗಿದರೆ ಸ್ವಲ್ಪ ಹಿಂದಕ್ಕೆ ಬಿಡಿ. ಆಮೇಲೆ ಚಕ್ರವನ್ನು ಎರಡೂ ಕೈಲಿ ಹಿಡಿದು ನಿಮ್ಮ ಕಡೆಗೆ ಎಳೆದು ತಳ್ಳಿ. ಕೈಗೆ ಒಂದು ಸಣ್ಣ ಟಕ್ ಅನ್ನಿಸಬೇಕು, ಪಕ್ಕದಲ್ಲಿ ನಿಂತವರ ಕಣ್ಣಿಗೆ ಏನೂ ಕಾಣಬಾರದು. ಅಷ್ಟೇ ಆಟ ಸಾಕು. ಇನ್ನು ಚಕ್ರವನ್ನು ಒಂದು ಸಲ ಜೋರಾಗಿ ತಿರುಗಿಸಿ ಬಿಟ್ಟುಬಿಡಿ. ಒಳ್ಳೆಯ ಚಕ್ರ ಗಕ್ಕನೆ ನಿಲ್ಲುವುದಿಲ್ಲ. ಭಾರದ ಕಡೆ ಕೆಳಗೆ ಬರುವ ಹಾಗೆ ಹಿಂದಕ್ಕೆ ಮುಂದಕ್ಕೆ ತೂಗಿ ನಿಲ್ಲುತ್ತದೆ. ಸರಿ ಅನ್ನಿಸಿದ ಮೇಲೆ ದೊಡ್ಡ ನಟ್ಟು ಅಲುಗದಂತೆ ಒಂದು ಸ್ಪ್ಯಾನರಿನಲ್ಲಿ ಹಿಡಿದು ಸಣ್ಣ ನಟ್ಟನ್ನು ಅದಕ್ಕೆ ಒತ್ತಿ ಬಿಗಿಯಿರಿ. ಮತ್ತೆ ಚಕ್ರ ತಿರುಗಿಸಿ ನೋಡಿ. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಇರಲಿ. ಒಮ್ಮೆ ಮಡಿಸಿ ಬಿಡಿಸಿದ ಪಿನ್ನಿಗೆ ಜೀವ ಇರುವುದಿಲ್ಲ. ಮೊಳೆ ಬೇಡವೇ ಬೇಡ.

ಟೋಪಿಗೆ ಮೂರನೇ ಒಂದು ಭಾಗ ಎಣ್ಣೆ ಹಾಕಿ, ಅಂಚನ್ನು ಒರೆಸಿ, ಕೈಯಿಂದಲೇ ಮೊದಲ ಸುತ್ತುಗಳನ್ನು ತಿರುಗಿಸಿ. ಮರೆ ನೇರವಾಗಿ ಹಿಡಿದಿದೆ ಅಂತ ಗೊತ್ತಾದ ಮೇಲೆ ಸ್ಪ್ಯಾನರ್. ಜಾಸ್ತಿ ಎಣ್ಣೆ ತುಂಬಿದರೆ ಚರ್ಮ ದಾಟಿ ಹೊರಗೆ ಬರುತ್ತದೆ, ಎಣ್ಣೆಯಾದ ಗುಂಬಕ್ಕೆ ಧೂಳು ಅಂಟುತ್ತದೆ. ನಾನು ಹರಳೆಣ್ಣೆಯನ್ನೇ ಬಳಸುತ್ತೇನೆ, ಚರ್ಮಕ್ಕೂ ಹಿತ. ಆದರೆ ಗಾಡಿ ತಿಂಗಳುಗಟ್ಟಲೆ ನಿಂತರೆ ಅದು ಅಂಟಂಟಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವುದಾದರೆ ಮಾತ್ರ ಬಳಸಿ. ಯಂತ್ರದ ಎಣ್ಣೆಯ ಜೊತೆ ಬೆರೆಸಬೇಡಿ, ಎರಡೂ ಸರಿಯಾಗಿ ಕೂಡುವುದಿಲ್ಲ.

ಕಡೆಗೀಲಿನ ಮತ್ತು ಸಾದಾ ನಟ್ಟಿನ ಅಚ್ಚಿಗೆ ಕೀಲೆಣ್ಣೆ ಅಥವಾ ಗಟ್ಟಿ ಗ್ರೀಸ್ ಸಾಕು. ಅಲ್ಲಿ ಅಂಚಿನಿಂದ ಹೊರಗೆ ಬಂದ ಗ್ರೀಸಿನ ಉಂಗುರವೇ ಧೂಳಿಗೆ ತಡೆ. ಆ ಉಂಗುರದ ಮೇಲೆ ಮಣ್ಣು ಕೂತಾಗ ಒರೆಸಿ ತೆಗೆಯಿರಿ. ಅದರ ಮೇಲೇ ಹೊಸ ಗ್ರೀಸ್ ಬಳಿದರೆ ಮಣ್ಣನ್ನು ಒಳಗೆ ಕಳಿಸಿದಂತೆ. ಬೇರಿಂಗ್ ಇರುವ ಹೊಸ ಗಾಡಿಗಳಲ್ಲಿ ಒಳಗಡೆಯ ರಬ್ಬರ್ ಸೀಲ್ ಇದೇ ಕೆಲಸ ಮಾಡುತ್ತದೆ. ಬೇರಿಂಗ್ ಬಿಚ್ಚಿದಾಗಲೆಲ್ಲ ಅದನ್ನೂ ಬದಲಿಸಿ.

ಗಾಡಿ ತೊಳೆಯುವಾಗ ಪೈಪಿನ ನೀರನ್ನು ಗುಂಬದ ಹಿಂಭಾಗಕ್ಕೆ ಜೋರಾಗಿ ಬಿಡಬೇಡಿ. ನೀರಿನ ಒತ್ತಡ ಮರಳನ್ನು ಚರ್ಮದ ಆಚೆಗೆ ತಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊಸ ಚರ್ಮ ಹಾಕಿದ ಮೇಲೆ ಮೊದಲ ಓಡಾಟ ಚಿಕ್ಕದಿರಲಿ. ಇಳಿದ ಕೂಡಲೇ ನಾಲ್ಕೂ ಗುಂಬದ ಮೇಲೆ ಅಂಗೈ ಇಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅದರ ನಟ್ಟು ಬಿಗಿಯಾಗಿದೆ ಅಥವಾ ಚರ್ಮ ದಪ್ಪವಾಗಿದೆ. ಅದನ್ನು ಅವತ್ತೇ ಬಿಚ್ಚಿ. ಎಲ್ಲ ತಣ್ಣಗಿದ್ದರೂ ಚರ್ಮ ಒಂದಿಷ್ಟು ಒತ್ತಿಕೊಂಡಿರುತ್ತದೆ. ಹಾಗಾಗಿ ಮಾರನೇ ದಿನ ಚಕ್ರ ಎತ್ತಿ, ಎಳೆದು ತಳ್ಳಿ ನೋಡಿ. ಆಟ ಹೆಚ್ಚಿದ್ದರೆ ದೊಡ್ಡ ನಟ್ಟನ್ನು ಅಷ್ಟೇ ಮುಂದಕ್ಕೆ ತಂದು, ಸಣ್ಣ ನಟ್ಟು ಬಿಗಿದು, ಮತ್ತೆ ಹೊಸ ಪಿನ್ ಹಾಕಿ.